ಮಾಳಿಗೆಯ ಮಣ್ಣು: ಸೋಲಾಪುರ–ಅಕ್ಕಲಕೋಟ ಸೀಮೆಯ ಹಳೆಯ ಮನೆಗಳ ದುರಸ್ತಿಯ ಚರಿತ್ರೆ

ಸ್ಮರಣ ಸಂಚಿಕೆಯ ಸಂಪಾದಕ ಮಿತ್ರರು ನಮ್ಮಿಂದ ಅಪೇಕ್ಷಿಸಿದ್ದು ಅಕ್ಕಲಕೋಟ ಸಂಸ್ಥಾನದ ಚರಿತ್ರೆಯನ್ನು. ಭೋಸಲೆ ಮನೆತನದ ಅರಸರು, ಅವರ ಹಳೆಯ ರಾಜವಾಡೆ, ಹೊಸ ರಾಜವಾಡೆ, ಅಲ್ಲಿಯ ಆಯುಧಗಳ ಸಂಗ್ರಹ, 1948ರಲ್ಲಿ ಸಂಸ್ಥಾನವು ಭಾರತ ಒಕ್ಕೂಟದಲ್ಲಿ ವಿಲೀನಗೊಂಡದ್ದು, ಇವನ್ನೆಲ್ಲ ನಮಗಿಂತ ಬಲ್ಲವರು ಬರೆದಿದ್ದಾರೆ. ಅರಸರ ಮನೆಗಳಿಗೆ ಚರಿತ್ರಕಾರರು ಸಿಕ್ಕರು. ಅವರ ಪ್ರಜೆಗಳು ವಾಸಿಸಿದ ಮನೆಗಳಿಗೆ ಸಿಗಲಿಲ್ಲ. ಆದುದರಿಂದ ಸಂಪಾದಕರ ಕ್ಷಮೆ ಕೋರಿ, ಈ ಸೀಮೆಯ ಮಾಳಿಗೆ ಮನೆಗಳನ್ನು ನಮ್ಮ ಹಿರಿಯರು ಹೇಗೆ ಕಟ್ಟಿದರು ಎಂಬುದಕ್ಕಿಂತ ಹೇಗೆ ಕಾಯ್ದುಕೊಂಡರು, ನಾವು ಹೇಗೆ ಕೆಡಿಸಿಕೊಂಡೆವು, ಮತ್ತೆ ಏನನ್ನು ಕಲಿತೆವು ಎಂಬ ವಿಷಯವನ್ನು ಎತ್ತಿಕೊಂಡಿದ್ದೇವೆ. ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದ ನಮಗೆ ಸ್ವಂತ ಮನೆಯ ಮಾಳಿಗೆಯ ಇತಿಹಾಸ ತಿಳಿದದ್ದು ಒಂದು ರಾತ್ರಿ ಅದರ ಗೋಡೆ ಬಿದ್ದ ಮೇಲೆ.

ಸೋಲಾಪುರ ಜಿಲ್ಲೆಯ ನೆಲ ಕರಿಗಲ್ಲಿನ ನೆಲ. ದಖ್ಖನಿನ ಲಾವಾ ಕಲ್ಲು ಎಲ್ಲಿ ಅಗೆದರೂ ಸಿಗುತ್ತದೆ. ಅದರ ಮೇಲೆ ಎರೆಮಣ್ಣು; ಮಳೆಗೆ ಉಬ್ಬಿ, ಬೇಸಗೆಗೆ ಕೈ ಹೋಗುವಷ್ಟು ಬಿರಿಯುವ ಮಣ್ಣು. ಜೋಳಕ್ಕೆ ಅದು ತಾಯಿ, ಮನೆಗೆ ಶತ್ರು. ಅದಕ್ಕಾಗಿಯೇ ಊರುಗಳು ಹುಟ್ಟಿದ್ದು ಎರೆಯ ನಡುವೆ ಅಲ್ಲಲ್ಲಿ ಎದ್ದ ಗರಸಿನ ದಿಬ್ಬಗಳ ಮೇಲೆ. ಊರ ನೆಲದ ಬೆಳ್ಳನೆಯ ಮಣ್ಣನ್ನು ಮರಾಠಿಯಲ್ಲಿ ‘ಪಾಂಢರಿ’ ಎಂದೂ ಹೊಲದ ಮಣ್ಣನ್ನು ‘ಕಾಳಿ’ ಎಂದೂ ಕರೆಯುತ್ತಾರೆ. ಕನ್ನಡದ ಹಳ್ಳಿಗಳಲ್ಲಿ ಅದೇ ಬಿಳಿಮಣ್ಣಿಗೆ ‘ಹಾಳಮಣ್ಣು’ ಎನ್ನುತ್ತೇವೆ. ಹಾಳಾದ ಹಳೆಯ ಊರಿನ ಗೋಡೆಗಳು ಕರಗಿ ಆದ ಮಣ್ಣು ಅದು. ಅಜ್ಜಂದಿರ ಗೋಡೆ ಕರಗಿದರೆ ಮೊಮ್ಮಕ್ಕಳ ಗೋಡೆಗೆ ಅದೇ ಗಿಲಾಯಿ! ಈ ಮಣ್ಣಿಗೆ ಉಬ್ಬುವ ದುರ್ಗುಣವಿಲ್ಲ.

ಕಲ್ಲಿದೆ, ಮಣ್ಣಿದೆ, ದೊಡ್ಡ ಕಾಡಿಲ್ಲ. ಬೇವು, ಕರಿಜಾಲಿಗಳು ಊರಲ್ಲೇ ಸಿಗುತ್ತಿದ್ದವು, ಸಾಗವಾನಿಯನ್ನು ಉಳ್ಳವರು ದೂರದಿಂದ ಬಂಡಿಗಳ ಮೇಲೆ ತರಿಸುತ್ತಿದ್ದರು. ಮಳೆ ಕಡಿಮೆ, ಬಿಸಿಲು ಬಹಳ. ಈ ಲೆಕ್ಕಕ್ಕೆ ಬಂದ ಉತ್ತರವೇ ಮಾಳಿಗೆ ಮನೆ. ಕಲ್ಲಿನ ಎರಡು ಪದರಗಳ ದಪ್ಪ ಗೋಡೆ, ಒಳಗೆ ಕಂಬಗಳ ಸಾಲು, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿ, ಜಂತಿಗಳ ಮೇಲೆ ಹಲಗೆ ಅಥವಾ ಒತ್ತಾಗಿ ಜೋಡಿಸಿದ ಚಿಕ್ಕ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪಿನ ಹಾಸು, ಎಲ್ಲಕ್ಕೂ ಮೇಲೆ ಮಣ್ಣು. ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲಿದ್ದಾಗ ಪಡಸಾಲೆಯಲ್ಲಿ ಹೊದಿಕೆಯಿಲ್ಲದೆ ಮಲಗಿದವರಿಗೆ ನಸುಕಿನಲ್ಲಿ ಚಳಿಯಾದದ್ದನ್ನು ನಮ್ಮ ಓರಗೆಯವರು ನೆನೆಯಬಲ್ಲರು. ಮನೆಯ ದೊಡ್ಡಸ್ತಿಕೆಯನ್ನು ಅಡಿಗಳಲ್ಲಿ ಅಳೆಯುತ್ತಿರಲಿಲ್ಲ, ‘ಎಷ್ಟು ಅಂಕಣದ ಮನೆ?’ ಎಂದು ಕೇಳುತ್ತಿದ್ದರು. ಮರಾಠಿಯವರಿಗೆ ಅದು ‘ಖಣ’. ಎರಡು ತೊಲೆಗಳ ನಡುವಣ ಜಾಗವೇ ಲೆಕ್ಕದ ಮೂಲಮಾನ.

ಇಲ್ಲಿ ಒಂದು ಮಾತನ್ನು ಭಾಷೆಯ ಅಭಿಮಾನಿಗಳಾದ ನಮ್ಮ ಸಂಘದ ಸದಸ್ಯರಿಗೆ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಈ ಸೀಮೆಯ ಗೌಂಡಿಯ ಕೈಯಲ್ಲಿರುವ ಸಲಕರಣೆಗಳೆಲ್ಲ ಮರಾಠಿ ಹೆಸರಿನವು: ಥಾಪಿ, ಗುಣ್ಯಾ, ಓಳಂಬಾ, ಬಡಿಗನ ರಂಧಾ. ಆದರೆ ಅವನು ಕಟ್ಟುವ ಮನೆಯ ಅಂಗಾಂಗಗಳು ಕನ್ನಡದವು: ಕಂಬ, ತೊಲೆ, ಜಂತಿ, ನಾಗೊಂದಿ, ಬೆಳಕಿಂಡಿ, ಕುಂಬಿ, ಪಡಸಾಲೆ. ನಮ್ಮ ‘ಮಾಳಿಗೆ’ಯೂ ಅವರ ‘ಮಾಳವದ’ವೂ ನೆಂಟರೆಂಬುದು ಕಿವಿಗೇ ಕೇಳಿಸುತ್ತದೆ. 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟ ತಾಲೂಕು ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಆ ಕಾಗದದ ಗತಿ ಏನಾಯಿತೆಂಬುದನ್ನು ಎಲ್ಲರೂ ಬಲ್ಲರು, ಅದರ ಚರ್ಚೆ ಇಲ್ಲಿ ಬೇಡ. ಗಡಿ ಎಲ್ಲಿಯೇ ಇರಲಿ, ಗೌಂಡಿಯೂ ಬಡಿಗನೂ ಕೂಡಿ ಕಟ್ಟಿದ ಮನೆಯಲ್ಲಿ ಎರಡೂ ಭಾಷೆಗಳು ಒಂದೇ ಸೂರಿನ ಕೆಳಗಿದ್ದವು.

ಇನ್ನು ಕಾಯುವ ಮಾತು. ಮಾಳಿಗೆ ಮನೆ ಕಟ್ಟಿ ಮರೆಯುವ ಮನೆಯಲ್ಲ, ವರ್ಷಕ್ಕೊಮ್ಮೆ ಕೈ ಬೇಡುತ್ತದೆ. ಯುಗಾದಿ ಮುಗಿದು, ಸುಗ್ಗಿಯ ಕಾಳು ಮನೆಗೆ ಬಂದು, ಕೂಲಿಗೆ ಜನ ಸಿಗುವ ಚೈತ್ರ ವೈಶಾಖಗಳಲ್ಲಿ, ರೋಹಿಣಿ ಮಳೆ ಹೊಗುವ ಮೊದಲು ಈ ಕೆಲಸ ಮುಗಿಯಬೇಕು. ಊರ ಹೊರಗಿನ ಸವಳು ನೆಲದಿಂದ ಕರಲಮಣ್ಣು ತರುತ್ತಿದ್ದರು. ಉಪ್ಪಿನಂಶದ ಈ ಮಣ್ಣಿನಲ್ಲಿ ಹುಲ್ಲು ಬೇರೂರದು, ನೀರು ತಗುಲಿದೊಡನೆ ಅದರ ಸಣ್ಣ ಕಣಗಳು ಹರಡಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ಮುಂದಿನ ನೀರು ಮೇಲೆ ಮೇಲೆಯೇ ಹರಿದುಹೋಗುತ್ತದೆ. ಹೊಲಕ್ಕೆ ಶಾಪವಾದ ಸವಳು ಮಾಳಿಗೆಗೆ ವರವಾದ ಬಗೆ ಇದು. ಮಣ್ಣನ್ನು ಹೊಟ್ಟಿನೊಡನೆ ಕಲಸಿ, ಕೊಳೆಹಾಕಿ, ಹರಡಿ, ಬಡಿಮಣೆಯಿಂದ ಬಡಿದು, ಹರನಾಳದ ಕಡೆಗೆ ತುಸುವೇ ಇಳಿಜಾರು ಕೊಡುತ್ತಿದ್ದರು. ಆ ಇಳಿಜಾರಿಗೆ ಯಾವ ಅಳತೆಗೋಲೂ ಇರಲಿಲ್ಲ. ನಮ್ಮ ತಾಯಿಯವರು ಒಂದು ತಂಬಿಗೆ ನೀರನ್ನು ಮಾಳಿಗೆಯ ನಡುವೆ ಚೆಲ್ಲಿ, ಅದು ಹರಿಯುವ ದಾರಿಯನ್ನು ನೋಡುತ್ತ ನಿಲ್ಲುತ್ತಿದ್ದರು. ನೀರು ಎಲ್ಲಿಯಾದರೂ ತಡೆದು ನಿಂತರೆ ಆಳುಗಳು ಮನೆಗೆ ಹೋಗುವಂತಿರಲಿಲ್ಲ.

ಬೆಳಕಿಂಡಿಯ ಸುತ್ತ ಗಟ್ಟಿಯಾಗಿ ಮೆತ್ತುವುದು, ಮಳೆ ಬರುವ ಸೂಚನೆಯಾದಾಗ ಅದನ್ನು ಚಪ್ಪಡಿಯಿಂದ ಮುಚ್ಚುವುದು, ಕುಂಬಿಯ ಬುಡದಲ್ಲಿ ಬಿಟ್ಟ ಸೀಳುಗಳನ್ನು ತುಂಬುವುದು, ಇವೆಲ್ಲ ಹೆಂಗಸರ ಮತ್ತು ಮಕ್ಕಳ ಪಾಲಿನವು. ನಮ್ಮ ಕಡೆ ಹೆಚ್ಚಿನ ಮಳೆ ಬೀಳುವುದು ಸಪ್ಟಂಬರಿನಲ್ಲಿ. ಹುಬ್ಬಿ, ಉತ್ತರಿ, ಹಸ್ತಗಳ ಅಡ್ಡಮಳೆಗೆ ಆಷಾಢದಲ್ಲಿ ಚೆನ್ನಾಗಿದ್ದ ಮಾಳಿಗೆಯೂ ಗಣಪತಿ ಹಬ್ಬದ ಹೊತ್ತಿಗೆ ಸೋರಲು ತೊಡಗುವುದುಂಟು. ಆಗ ರಾತ್ರಿಯಲ್ಲೇ ಮೇಲೇರಿ, ಸೋರುವ ಜಾಗದ ಮೇಲೆ ಒಂದು ಬುಟ್ಟಿ ಒಣಮಣ್ಣು ಹಾಕಿ ತುಳಿದು ಬರುತ್ತಿದ್ದರು. ಅದಕ್ಕಾಗಿಯೇ ಪ್ರತಿ ಮನೆಯ ಮೂಲೆಯಲ್ಲಿ ಒಂದು ಗುಡ್ಡೆ ಕರಲಮಣ್ಣು ಒಣಗಿಯೇ ಇರುತ್ತಿತ್ತು.

ಸುಣ್ಣದ ಕೆಲಸ ಬಡವರ ಮನೆಗಳಲ್ಲಿ ಕಡಿಮೆ, ವಾಡೆಗಳಲ್ಲಿ ಹೆಚ್ಚು. ಸುಣ್ಣದ ಹರಳನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ವಾರಗಟ್ಟಲೆ ನೆನೆಯಿಟ್ಟು, ಮರಳಿನೊಡನೆ ಎತ್ತಿನ ಗಾಣದಲ್ಲಿ ಅರೆಯುತ್ತಿದ್ದರು. ದುಂಡನೆಯ ಕಾಲುವೆಯಲ್ಲಿ ಕಲ್ಲಿನ ಗಾಲಿ ಉರುಳುವ ಆ ಗಾಣಗಳ ಅವಶೇಷಗಳು ಹಲವು ಊರುಗಳ ಹೊರಗೆ ಇಂದಿಗೂ ಇವೆ. ನಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ ಅವರು ಅದನ್ನು ಎಣ್ಣೆಯ ಗಾಣವೆಂದೇ ತಿಳಿದಿದ್ದರು. ಅಳಲೆಕಾಯಿಯ ನೀರು, ಬೆಲ್ಲ, ಬಿಲ್ವದ ಕಾಯಿಯ ತಿರುಳು ಸೇರಿಸಿದರೆ ಗಾರೆ ಹಿಡಿತ ಪಡೆಯುತ್ತದೆಂಬುದು ಗೌಂಡಿಗಳ ನಂಬಿಕೆ ಮತ್ತು ಅನುಭವ.

1860ರಲ್ಲಿ ರೈಲು ಸೋಲಾಪುರವನ್ನು ಮುಟ್ಟಿತು. 1871ರಲ್ಲಿ ಆ ದಾರಿ ರಾಯಚೂರಿನವರೆಗೆ ಹೋಯಿತು. 1877ರಲ್ಲಿ ಸೋಲಾಪುರದ ಮೊದಲ ಬಟ್ಟೆ ಗಿರಣಿ ಆರಂಭವಾಯಿತು. ನಾವು ಇಂದಿಗೂ ‘ಜುನೀ ಮಿಲ್’ ಎನ್ನುವುದು ಅದನ್ನೇ. ರೈಲುದಾರಿ ನಮ್ಮ ಅಕ್ಕಲಕೋಟ ರೋಡ್ ನಿಲ್ದಾಣದ ಮೇಲಿಂದ ಹಾದು ಶಹಾಬಾದಕ್ಕೆ ಹೋಗುತ್ತದೆ. ಅಲ್ಲಿಂದ ಬರತೊಡಗಿದ ಚಪ್ಪಟೆ ಕಲ್ಲಿನ ಫರಶಿ ಮನೆಗಳ ನೆಲವನ್ನೇ ಬದಲಿಸಿತು. ಸಗಣಿ ಸಾರಿಸುವ ನೆಲ ಹೋಗಿ ತೊಳೆಯುವ ನೆಲ ಬಂತು. ಮುಂದೆ ಕಬ್ಬಿಣದ ತೊಲೆಗಳ ನಡುವೆ ಅದೇ ಫರಶಿಯನ್ನು ಕೂರಿಸಿ ಛತ್ತು ಮಾಡುವ ಪದ್ಧತಿಯೂ, ಗಿರಣಿ ಕೆಲಸಗಾರರ ವಸತಿಗಳಲ್ಲಿ ತಗಡಿನ ಪತ್ರಾಗಳೂ ಬಂದವು. ಶ್ರೀಮಂತರು ಅರಮನೆಗೆ ಸಮನಾದ ಮನೆಗಳನ್ನು ಕಟ್ಟಿಸಿದರು. ಅಪ್ಪಾಸಾಹೇಬ ವಾರದ ಅವರ ಇಂದ್ರಭುವನ ಅಂಥದು. ಅದು ಮುಂದೆ ನಗರಪಾಲಿಕೆಯ ಕಾರ್ಯಾಲಯವಾಗಿ, ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರವನ್ನೂ ಕಂಡಿತು. ಅದನ್ನು ನೋಡಲು ಹೋದಾಗ ನಾವು ಮುಂಬಾಗಿಲ ಶಿಲ್ಪಗಳಿಗಿಂತ ಹೆಚ್ಚು ಹೊತ್ತು ನಿಂತದ್ದು ಅದರ ನೀರಿಳಿಯುವ ಕೊಳವೆಗಳ ಬಳಿ. ಜೊತೆಗಿದ್ದ ಮೊಮ್ಮಗಳಿಗೆ ಬೇಸರವಾಯಿತು.

ಅಕ್ಕಲಕೋಟದಲ್ಲಿಯೂ ಒಂದು ಮನೆಯ ಉದಾಹರಣೆ ಎಲ್ಲರ ಕಣ್ಣ ಮುಂದಿದೆ. ಶ್ರೀ ಸ್ವಾಮಿ ಸಮರ್ಥರು ಊರಿಗೆ ಬಂದಾಗ ಅವರಿಗೆ ಆಶ್ರಯವಾದದ್ದು ಚೋಳಪ್ಪನೆಂಬ ಭಕ್ತನ ಸಾಮಾನ್ಯ ಮನೆ. 1878ರಲ್ಲಿ ಸ್ವಾಮಿಗಳು ದೇಹವಿಟ್ಟ ಮೇಲೆ ಅವರ ಸಮಾಧಿಯೂ ಅಲ್ಲಿಯೇ ಆಯಿತು. ಲಕ್ಷಾಂತರ ಯಾತ್ರಿಕರು ಬರುವ ಸಮಾಧಿ ಮಠವೆಂದು ಇಂದು ನಾವು ಕಾಣುವುದು ಮೂಲತಃ ಒಬ್ಬ ಗೃಹಸ್ಥನ ಮನೆ. ಅಂಥ ಪುಣ್ಯವಿಲ್ಲದ ಉಳಿದ ಮನೆಗಳನ್ನು ಕಾಯುವ ಹೊಣೆ ಆಯಾ ಮನೆಯವರದೇ.

ಆ ಹೊಣೆಯಲ್ಲಿ ನಾವು ಎಡವಿದ್ದು ಎಲ್ಲಿ?

ಮಣ್ಣು ಹಾಕುವುದಕ್ಕೆ ಹಿರಿಯರು ಇಟ್ಟ ನಿಯಮ ಎರಡು ಭಾಗದ್ದು. ಮೊದಲು ಕೆರೆ, ಆಮೇಲೆ ಹಾಕು. ಹಿಂದಿನ ವರ್ಷದ ಸತ್ವಗೆಟ್ಟ ಮೇಲ್ಪದರವನ್ನು ಕೆರೆದು ಕೆಳಗಿಳಿಸಿ, ಅಷ್ಟೇ ಹೊಸಮಣ್ಣನ್ನು ಏರಿಸಬೇಕು. ಕೆರೆಯುವುದಕ್ಕೆ ಹಾಕುವಷ್ಟೇ ಕೂಲಿ ಬೀಳುತ್ತದೆ. ಕೂಡುಕುಟುಂಬಗಳು ಒಡೆದು, ದುಡಿಯುವ ಕೈಗಳು ಸೋಲಾಪುರದ ಗಿರಣಿಗಳಿಗೂ ಆಮೇಲೆ ಪುಣೆ ಮುಂಬಯಿಗಳಿಗೂ ಹೋದಂತೆ, ಮನೆಯಲ್ಲಿ ಉಳಿದವರು ನಿಯಮದ ಮೊದಲ ಅರ್ಧವನ್ನು ಬಿಟ್ಟು ಎರಡನೆಯದನ್ನು ಮಾತ್ರ ಪಾಲಿಸಿದರು. ಸೋರಿತೆ, ಇನ್ನೊಂದು ಬಂಡಿ ಮಣ್ಣು ಹಾಕು. ಮತ್ತೆ ಸೋರಿತೆ, ಮತ್ತೊಂದು ಬಂಡಿ. ಹೀಗೆ ಅರ್ಧ ಅಡಿಯ ಮಾಳಿಗೆ ಎರಡು ಅಡಿಯಾಯಿತು. ಮನೆಯನ್ನು ಪ್ರೀತಿಯಿಂದ ನೋಡಿಕೊಂಡವರೇ ಅದರ ತಲೆಯ ಮೇಲೆ ಭಾರ ಹೇರಿದರು.

ಲೆಕ್ಕ ಸರಳವಾದುದು, ಏಳನೆಯ ಇಯತ್ತೆಯ ಹುಡುಗನೂ ಮಾಡಬಲ್ಲ. ಒಂದು ಘನ ಅಡಿ ಬಡಿದ ಮಣ್ಣು ಸುಮಾರು 45 ಕಿಲೋ ತೂಗುತ್ತದೆ. ಐದಡಿ ಅಗಲ ಹತ್ತಡಿ ಉದ್ದದ ಒಂದು ಅಂಕಣದ ಮೇಲೆ ಎರಡು ಅಡಿ ಮಣ್ಣಿದ್ದರೆ ನೂರು ಘನ ಅಡಿ, ಅಂದರೆ ನಾಲ್ಕೂವರೆ ಟನ್ ಭಾರ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಆ ಅಂಕಣದ ಕೆಳಗೆ ತೊಟ್ಟಿಲು ಕಟ್ಟುತ್ತಿದ್ದೆವು. ಈ ಲೆಕ್ಕವನ್ನು ನಾವು ಸಾವಿರಾರು ಮಕ್ಕಳಿಗೆ ನೀರಿನ ಹೌದಿನ ಉದಾಹರಣೆ ಕೊಟ್ಟು ಕಲಿಸಿದ್ದೆವು. ನಮ್ಮ ಮಾಳಿಗೆಯ ಕಡೆಗೆ ಒಮ್ಮೆಯೂ ತಿರುಗಿಸಿರಲಿಲ್ಲ.

1993ರ ಸಪ್ಟಂಬರ 29ರಂದು ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ ತಡವಾಗಿ ಮಲಗಿದ ಊರುಗಳು. 30ರ ನಸುಕಿನಲ್ಲಿ ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿದ್ದಾಗ ಭೂಮಿ ನಡುಗಿತು. ಲಾತೂರ ಜಿಲ್ಲೆಯ ಔಸಾ ತಾಲೂಕಿನ ಕಿಲ್ಲಾರಿಯೂ, ಅಂದಿನ ಉಸ್ಮಾನಾಬಾದ, ಇಂದಿನ ಧಾರಾಶಿವ ಜಿಲ್ಲೆಯ ಸಾಸ್ತೂರು ಮೊದಲಾದ ಊರುಗಳೂ ನೆಲಸಮವಾದವು. ಕಿಲ್ಲಾರಿ ಅಕ್ಕಲಕೋಟದಿಂದ ನೇರ ಅಳತೆಯಲ್ಲಿ ಸುಮಾರು 70 ಕಿಲೋಮೀಟರು. ಸತ್ತವರ ಸಂಖ್ಯೆ ಎಂಟರಿಂದ ಹತ್ತು ಸಾವಿರ. ಕಂಪನದ ಪ್ರಮಾಣ ಸುಮಾರು 6.2, ಜಗತ್ತಿನ ಲೆಕ್ಕದಲ್ಲಿ ಅದು ಮಹಾಕಂಪನವಲ್ಲ. 1967ರ ಕೊಯ್ನಾ ಭೂಕಂಪವನ್ನು ಕಂಡಿದ್ದರೂ, ಭೂಕಂಪದ ಭಯ ತೀರ ಕಡಿಮೆಯೆಂದು ನಕಾಶೆಯಲ್ಲಿ ಗುರುತಿಸಿದ್ದ ಪ್ರದೇಶ ನಮ್ಮದು. ಇಷ್ಟು ಜನ ಸತ್ತದ್ದಕ್ಕೆ ತಜ್ಞರು ಬೆರಳು ತೋರಿದ್ದು ಮನೆಗಳ ಕಡೆಗೆ. ಎರಡು ಪದರದ ಕಲ್ಲಿನ ಗೋಡೆ. ಪದರಗಳ ನಡುವೆ ಕಲ್ಲುಚೂರು, ಮಣ್ಣು. ಎರಡನ್ನೂ ಬಿಗಿಯುವ ಅಡ್ಡಗಲ್ಲುಗಳಿಲ್ಲ. ಮೇಲೆ ಅಡಿಗಟ್ಟಲೆ ಮಣ್ಣಿನ ಭಾರ. ನೆಲ ಅಲುಗಿದಾಗ ಗೋಡೆಯ ಹೊರಪದರ ಹೊರಕ್ಕೂ ಒಳಪದರ ಮಲಗಿದವರ ಮೇಲೂ ಬಿತ್ತು. ಗೋಡೆಯನ್ನೇ ನೆಚ್ಚಿದ್ದ ಮಾಳಿಗೆಗಳು ಅದರ ಹಿಂದೆಯೇ ಬಂದವು. ಎಲ್ಲಿ ಮಾಳಿಗೆಯ ಭಾರವು ಗಟ್ಟಿ ಕಂಬಗಳ ಮೇಲೆಯೇ ನಿಂತಿತ್ತೋ ಅಲ್ಲಿ ಸುತ್ತಲ ಗೋಡೆಗಳು ಬಿದ್ದರೂ ಕಂಬ ತೊಲೆಗಳು ನಿಂತೇ ಇದ್ದುದನ್ನು ನಾವು ಸಾಸ್ತೂರಿನ ಕಡೆಗೆ ಶಾಲೆಯ ವತಿಯಿಂದ ಧಾನ್ಯ, ಬಟ್ಟೆ ಒಯ್ದಾಗ ಕಣ್ಣಾರೆ ಕಂಡೆವು.

ಅದೇ ನಸುಕಿನಲ್ಲಿ ನಮ್ಮ ಹಳ್ಳಿಯ ಮನೆಯ ಅಡುಗೆಕೋಣೆಯ ಹಿಂಗೋಡೆಯ ಹೊರಪದರ ಹತ್ತಡಿ ಉದ್ದಕ್ಕೆ ಸರಿದು ಹಿತ್ತಿಲಿಗೆ ಬಿತ್ತು. ಒಳಪದರ ನಿಂತಿತು. ಅದರಿಂದ ನಾಲ್ಕು ಮಾರು ಈಚೆ ನಮ್ಮ ತಾಯಿಯವರು ಮಲಗಿದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮದುವೆಯಾಗಿ ಬಂದ ದಿನದಿಂದ ಆ ಮಾಳಿಗೆಯನ್ನು ಕಾಯ್ದಿದ್ದ ತಾಯಿಯವರು ಮರುರಾತ್ರಿಯಿಂದ ಅದರ ಕೆಳಗೆ ಮಲಗಲು ಒಪ್ಪಲಿಲ್ಲ. ಅಂಗಳದ ಬೇವಿನ ಕೆಳಗೆ ಹೊರಸು ಹಾಕಿಸಿಕೊಂಡರು. ದೀಪಾವಳಿ ಕಳೆಯಿತು, ಚಳಿ ಬಂತು, ಸೋಲಾಪುರದ ಸಿದ್ಧರಾಮೇಶ್ವರನ ಜಾತ್ರೆಯೂ ಆಗಿಹೋಯಿತು. ಅವರು ಒಳಗೆ ಬರಲಿಲ್ಲ. ‘ನಾನೇ ಹಾಕಿಸಿದ ಮಣ್ಣು’ ಎಂದು ಒಮ್ಮೆ ಮಾತ್ರ ಅಂದರು.

ಬಂಧುಗಳು ಮನೆ ಕೆಡವಿ ಪತ್ರಾ ಹಾಕಿರೆಂದರು. ಆ ವರ್ಷ ಎಷ್ಟೋ ಜನ ಹಾಗೆ ಮಾಡಿದರು. ಕೆಡವಿದ ಮನೆಯ ಸಾಗವಾನಿ ತೊಲೆಗಳು, ಕೆತ್ತನೆಯ ಬೋದಿಗೆಗಳು ಲಾರಿಗಳಲ್ಲಿ ಊರು ಬಿಟ್ಟವು. ನಮಗೂ ಮನಸ್ಸು ಡೋಲಾಯಮಾನವಾಗಿತ್ತು. ಅಷ್ಟರಲ್ಲಿ ಸರಕಾರವು ವಿಶ್ವಬ್ಯಾಂಕಿನ ನೆರವಿನಿಂದ ಪುನರ್ವಸತಿಯ ದೊಡ್ಡ ಕಾರ್ಯಕ್ರಮವನ್ನು ಕೈಗೊಂಡಿತು. ಪೂರ್ತಿ ಬಿದ್ದ ಊರುಗಳನ್ನು ಬೇರೆಡೆ ಕಟ್ಟುವುದು ಒಂದು ಭಾಗ. ನಮ್ಮ ಜಿಲ್ಲೆಯೂ ಸೇರಿದಂತೆ ಸುತ್ತಲ ಪ್ರದೇಶದಲ್ಲಿ ಅರೆಬಿದ್ದ ಮನೆಗಳನ್ನು ದುರಸ್ತಿ ಮಾಡಿ ಬಲಪಡಿಸುವುದು ಇನ್ನೊಂದು. ಲಾತೂರ, ಉಸ್ಮಾನಾಬಾದಗಳಲ್ಲಿ ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆಯ ಮೂಲಕ ಹಳ್ಳಿಯ ಹೆಣ್ಣುಮಕ್ಕಳನ್ನೇ ‘ಸಂವಾದ ಸಹಾಯಕ’ರನ್ನಾಗಿ ಮಾಡಿ, ಮನೆ ಮನೆಗೆ ಈ ವಿದ್ಯೆಯನ್ನು ಮುಟ್ಟಿಸಿದರು. ಮಾಳಿಗೆಯನ್ನು ಮೊದಲಿನಿಂದ ಕಾಯ್ದವರು ಅವರೇ ಆದ್ದರಿಂದ ಇದು ಸರಿಯಾದ ದಾರಿಯೆಂದು ನಮ್ಮ ಅಭಿಪ್ರಾಯ.

ವಿದ್ಯೆ ಏನು? ಹೊಸದೇನೂ ಇರಲಿಲ್ಲ. ಮಾಳಿಗೆಯ ಹೆಚ್ಚಿನ ಮಣ್ಣನ್ನು ಇಳಿಸಿ, ತೆಳುವಾಗಿ ಮತ್ತೆ ಹಾಸಿ, ನಡುವೆ ಪ್ಲಾಸ್ಟಿಕ್ ಹಾಳೆ ಇಡುವುದು. ಗೋಡೆಯ ಎರಡು ಪದರಗಳನ್ನು ಅಲ್ಲಲ್ಲಿ ಆರಪಾರು ಬಿಗಿಯುವುದು. ಕಂಬ ತೊಲೆ ಕೂಡುವ ಮೂಲೆಗೆ ಓರೆಯಾದ ಕಟ್ಟಿಗೆಯ ಊರೆ ಕೊಡುವುದು. ಭಾರತೀಯ ಮಾನಕ ಬ್ಯೂರೋ ಅದೇ 1993ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ಕಲ್ಲಿನ ಗೋಡೆಯಲ್ಲಿ ಪ್ರತಿ ಎರಡಡಿ ಎತ್ತರಕ್ಕೆ, ಪ್ರತಿ ನಾಲ್ಕಡಿ ಉದ್ದಕ್ಕೆ ಒಂದರಂತೆ ಆರಪಾರುಗಲ್ಲು ಇರಬೇಕೆಂದು ಹೇಳಿದೆ. ಹಳೆಯ ಗೋಡೆಯಲ್ಲಿ ಅಂಥ ಉದ್ದ ಕಲ್ಲನ್ನು ಈಗ ತೂರಿಸುವುದೆಂತು? ಒಂದೊಂದೇ ಕಲ್ಲನ್ನು ಮೆಲ್ಲನೆ ಬಿಡಿಸಿ, ಗೋಡೆಯ ಒಳಗಿಂದ ಹೊರಗೆ ಕೈಯಗಲದ ತೂತು ತೆಗೆದು, ಎರಡು ತುದಿಗೆ ಕೊಕ್ಕೆ ಬಾಗಿಸಿದ ಕಬ್ಬಿಣದ ಸರಳನ್ನಿಟ್ಟು ಕಾಂಕ್ರೀಟು ತುಂಬುವುದು. ಹಾರೆಯಿಂದ ಹೊಡೆಯಬಾರದು, ಅದುರಿಸಬಾರದು, ಕಲ್ಲು ಕೈಗೆ ತಾನೇ ಬರುವವರೆಗೆ ಸುತ್ತಲ ಮಣ್ಣನ್ನು ಕೆದಕಬೇಕು.

ನಮ್ಮ ಮನೆಯ ಕೆಲಸಕ್ಕೆ ಒಪ್ಪಿದವರು ಆಗಲೇ ಎಪ್ಪತ್ತು ದಾಟಿದ್ದ ಒಬ್ಬ ಗೌಂಡಿ. ಸರಳು, ಕಾಂಕ್ರೀಟಿನ ಚಿತ್ರವನ್ನು ನಾವು ತೋರಿಸಿದಾಗ ಅವರು ನಕ್ಕು, ನಮ್ಮನ್ನು ದೇವರ ಕೋಣೆಯ ಹಿಂದಿನ ಗೋಡೆಗೆ ಕರೆದೊಯ್ದರು. ಮನೆಯ ಅತ್ಯಂತ ಹಳೆಯ ಗೋಡೆ ಅದು. ಅಲ್ಲಿ ಅಲ್ಲಲ್ಲಿ ಗೇಣಿನಷ್ಟು ಹೊರಚಾಚಿದ ಕಲ್ಲುಗಳಿದ್ದವು. ಬಾಲ್ಯದಲ್ಲಿ ಅವುಗಳ ಮೇಲೆ ಕಾಲಿಟ್ಟು ಮಾಳಿಗೆ ಹತ್ತಿದ್ದೆವು. ಹತ್ತುವುದಕ್ಕೆಂದೇ ಬಿಟ್ಟವು ಎಂದು ಭಾವಿಸಿದ್ದೆವು. ಅವೇ ಆರಪಾರುಗಲ್ಲುಗಳು! ಬಿದ್ದ ಅಡುಗೆಕೋಣೆಯ ಗೋಡೆ ನಮ್ಮ ತಂದೆಯವರ ಕಾಲದಲ್ಲಿ ಅಗ್ಗದ ಗುತ್ತಿಗೆಗೆ ಕಟ್ಟಿಸಿದ್ದು. ಅದರಲ್ಲಿ ಒಂದೂ ಇರಲಿಲ್ಲ. ಮುತ್ತಜ್ಜನಿಗೆ ಗೊತ್ತಿದ್ದುದು ಅಜ್ಜನವರೆಗೆ ಬಂದು ತಂದೆಯ ಕಾಲಕ್ಕೆ ಕಳೆದುಹೋಗಿತ್ತು. ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಯುಗ ಮುಗಿದು ಇನ್ನೊಂದು ಆರಂಭವಾಗುವುದಕ್ಕೆ ಯುದ್ಧವೋ ಪಟ್ಟಾಭಿಷೇಕವೋ ಬೇಕು. ಇಲ್ಲಿ ಯಾರ ಗಮನಕ್ಕೂ ಬಾರದೆ ಒಂದು ಮುಗಿದಿತ್ತು.

ಮಣ್ಣು ಇಳಿಸುವ ಕೆಲಸ 1994ರ ಚೈತ್ರದಲ್ಲಿ ನಡೆಯಿತು. ಗೌಂಡಿ ಅಜ್ಜ ಮೊದಲು ಜಂತಿಗಳ ಕೆಳಗೆ ಊರೆ ಕೊಡಿಸಿದರು. ಮಾಳಿಗೆಯ ಎರಡು ಕಡೆಯಿಂದಲೂ ಸಮನಾಗಿ ತೆಗೆಯಬೇಕು, ಒಂದೇ ಕಡೆ ಬರಿದು ಮಾಡಿದರೆ ತೊಲೆ ವಾಲುತ್ತದೆಂದು ತಾಕೀತು ಮಾಡಿದರು. ಸಲಿಕೆಯಿಂದ ನೆಟ್ಟಗೆ ಕಡಿದ ಮಣ್ಣಿನ ಮೈ ನೋಡಿದಾಗ ನಾವು ಬೆರಗಾದೆವು. ಪುಸ್ತಕದ ಹಾಳೆಗಳಂತೆ ಪದರಗಳು. ಬೂದುಬಣ್ಣದ ಕರಲು, ಮೇಲೆ ಹೊಟ್ಟು ಕೊಳೆತ ಕಪ್ಪು ಗೆರೆ, ಮತ್ತೆ ಕರಲು. ಮೂವತ್ತರವರೆಗೆ ಎಣಿಸಿ ಲೆಕ್ಕ ತಪ್ಪಿತು. ನಡುವೆ ಒಂದು ಕಡೆ ಬೆರಳಗಲದ ಕೆಂಪು ಗರಸು. ತಾಯಿಯವರು ಕೆಳಗಿನಿಂದಲೇ ಅದನ್ನು ಗುರುತಿಸಿದರು. 1972ರ ಬರಗಾಲದಲ್ಲಿ ಕರಲು ತರಲು ಎತ್ತುಗಳಿರಲಿಲ್ಲ, ಊರ ಜನವೆಲ್ಲ ಬರಗಾಲ ಕಾಮಗಾರಿಯಲ್ಲಿ ರಸ್ತೆಗೆ ಕಲ್ಲು ಒಡೆಯುತ್ತಿದ್ದರು. ಆ ರಸ್ತೆಯ ಬದಿಯ ಗರಸನ್ನೇ ಬುಟ್ಟಿಯಲ್ಲಿ ಹೊತ್ತು ತಂದು ಹಾಕಿದ್ದರಂತೆ. ಅದರ ಮೇಲಿನ ಎರಡು ಮೂರು ಪದರಗಳು ತೀರ ತೆಳು. ಒಡೆದ ಬಳೆಚೂರು, ಮಕ್ಕಳ ಗೋಲಿ, ಹಪ್ಪಳ ಒಣಗಿಸಿದ ಚಾಪೆಯ ಕಡ್ಡಿ ಎಲ್ಲ ಅದರಲ್ಲಿದ್ದವು. ತೆಗೆದ ಮಣ್ಣು 47 ಬಂಡಿ. ಬಂಡಿಗೆ ಇಪ್ಪತ್ತು ಘನ ಅಡಿಯಂತೆ ಹಿಡಿದರೆ 42 ಟನ್‌ಗಿಂತ ಹೆಚ್ಚು ಭಾರ ಇಳಿಯಿತು. ಕೊನೆಯ ಬಂಡಿ ಹೋದ ಸಂಜೆ, ತೊಲೆಗಳು ರಾತ್ರಿಯೆಲ್ಲ ಸಣ್ಣಗೆ ಸದ್ದು ಮಾಡಿದವು. ‘ಬೆನ್ನು ನೀಡುತ್ತಿವೆ, ಹೆದರಬೇಡಿರಿ’ ಎಂದರು ಗೌಂಡಿ ಅಜ್ಜ.

ಆರು ಅಂಗುಲ ಹೊಸ ಕರಲು ಬಿದ್ದ ಮೇಲೆ ತಾಯಿಯವರು ಮಾಳಿಗೆ ಹತ್ತಿ ತಂಬಿಗೆ ನೀರು ಚೆಲ್ಲಿದರು. ಒಂದೆಡೆ ನಿಂತಿತು. ಅಲ್ಲಿ ಮತ್ತೆ ಬಡಿಸಿದರು. ಅಂದಿನ ರಾತ್ರಿ ಅವರ ಹೊರಸು ಒಳಗೆ ಬಂತು.

ನಮ್ಮ ಇನ್ನೊಂದು ತಪ್ಪನ್ನೂ ಹೇಳಿಬಿಡುವುದು ಒಳ್ಳೆಯದು. ಓದುವ ಕುಟುಂಬಗಳಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು. ಮುಖ್ಯಾಧ್ಯಾಪಕರಾದ ಹೊಸತರಲ್ಲಿ, ಮನೆ ಚೆನ್ನಾಗಿ ಕಾಣಲೆಂದು ಪಡಸಾಲೆಯ ಮಣ್ಣುಗೋಡೆಗೆ ಆಳೆತ್ತರದವರೆಗೆ ಸಿಮೆಂಟಿನ ಗಿಲಾಯಿ ಮಾಡಿಸಿದ್ದೆವು. ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಗಿಲಾಯಿಯ ಮೇಲಂಚಿನಲ್ಲಿ ತೇವದ ಗೆರೆ, ಅದರ ಮೇಲೆ ಬಿಳಿ ಉಪ್ಪು. ಮಣ್ಣುಗೋಡೆ ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತಿರುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚಿದಾಗ ತೇವ ಮೇಲಕ್ಕೇರಿತು. ಕೊನೆಗೆ ತಟ್ಟಿ ನೋಡಿದರೆ ಗಿಲಾಯಿಯ ಹಿಂದೆ ಮಣ್ಣು ಪುಡಿಯಾಗಿ ಟೊಳ್ಳು. ಅದನ್ನು ಕಿತ್ತು ಮತ್ತೆ ಹಾಳಮಣ್ಣು, ಹೊಟ್ಟು, ಮೇಲೆ ಸುಣ್ಣ ಹಚ್ಚಿಸಿದ ಮೇಲೆ ಗೋಡೆ ಒಣಗಿತು. ಒಣಗಲು ಒಂದು ಪೂರ್ತಿ ಬೇಸಗೆ ಹಿಡಿಯಿತು. ಕಟ್ಟಿಗೆಗೆ ಗೇರೆಣ್ಣೆ ಹಚ್ಚುವುದನ್ನು ಬಿಟ್ಟು ಬಣ್ಣ ಬಳಿದದ್ದೂ ಇದೇ ಜಾತಿಯ ಬುದ್ಧಿವಂತಿಕೆ. ಬಣ್ಣದ ಒಳಗೆ ಗೆದ್ದಲು ಹೊಕ್ಕದ್ದು ನಮಗೆ ಕಾಣಲೇ ಇಲ್ಲ.

ನಿವೃತ್ತಿಯ ಅನಂತರ ಈ ಕೆಲಸಗಳನ್ನು ನಾವೇ ಕಲಿತೆವು. ಗೌಂಡಿ ಅಜ್ಜ ಬದುಕಿರುವವರೆಗೆ ಅವರ ಹಿಂದೆ ಬುಟ್ಟಿ ಹಿಡಿದು ನಿಂತೆವು. ಕಲಸಿದ ಮಣ್ಣು ಹದವಾಯಿತೆ ಎಂದು ಅವರು ಅಂಗೈಯಲ್ಲಿ ಉಂಡೆ ಮಾಡಿ ಎದೆಯೆತ್ತರದಿಂದ ಬಿಡುತ್ತಿದ್ದರು. ಚದುರಿದರೆ ಒಣಗಿದೆ, ಚಪ್ಪಟೆಯಾದರೆ ನೀರು ಹೆಚ್ಚು, ಎರಡು ಮೂರು ಹೋಳಾದರೆ ಹದ. ನಮ್ಮ ಉಂಡೆಗಳು ಬಹುಕಾಲ ಚಪ್ಪಟೆಯಾಗಿಯೇ ಬಿದ್ದವು. ‘ಗುರುಗಳಿಗೆ ಅವಸರ’ ಎಂದು ಅವರು ನಗುತ್ತಿದ್ದರು. ಅವರ ಮಗ ಪುಣೆಯಲ್ಲಿ ಸ್ಲ್ಯಾಬಿನ ಕೆಲಸ ಮಾಡುತ್ತಾನೆ, ಮಣ್ಣಿನ ಕೆಲಸ ಅರಿಯ. ನಮ್ಮ ಮಕ್ಕಳೂ ಪುಣೆಯವರೇ. ಮನೆಯನ್ನು ಏನು ಮಾಡುವುದೆಂಬ ಮಾತು ಪ್ರತಿ ದೀಪಾವಳಿಯಲ್ಲಿ ಏಳುತ್ತದೆ, ಪ್ರತಿ ದೀಪಾವಳಿಯಲ್ಲಿ ಮುಗಿಯದೆ ಉಳಿಯುತ್ತದೆ. ಅವರ ಚಿಂತೆ ಸುಳ್ಳೆಂದು ನಾವು ಹೇಳಲಾರೆವು. ನಾವು ಹತ್ತಲಾರದ ವರ್ಷ ಮಾಳಿಗೆ ಹತ್ತುವವರು ಯಾರು?

ಮೊನ್ನೆ ಯುಗಾದಿಗೆ ಬಂದ ಮೊಮ್ಮಗಳು ಈ ಲೇಖನಕ್ಕಾಗಿ ಅಳತೆ ಬೇಕೆಂದಾಗ ಟೇಪು ಹಿಡಿದು ನಮ್ಮೊಡನೆ ಮಾಳಿಗೆ ಹತ್ತಿದಳು. ಕುಂಬಿಯ ಬುಡದಲ್ಲಿ ಒಂದು ಸಣ್ಣ ತೂತು ಕೊರೆದು ಮಣ್ಣಿನ ದಪ್ಪ ನೋಡಿದೆವು: ಆರೂವರೆ ಅಂಗುಲ. ಈ ಮೂವತ್ತು ವರ್ಷಗಳಲ್ಲಿ ಅರ್ಧ ಅಂಗುಲ ಏರಿದೆ. ಅಷ್ಟನ್ನು ಕೆರೆದು ಇಳಿಸಿಯೇ ಹೊಸಮಣ್ಣು ಹಾಕಬೇಕೆಂದು ಹೇಳಿದೆವು. ಅವಳು ತೂತನ್ನು ಮುಚ್ಚುವ ಮೊದಲು ಕೆಳಗಿಳಿದು, ಒಂದು ತಂಬಿಗೆ ನೀರು ತಂದು, ಮಾಳಿಗೆಯ ನಡುವೆ ಚೆಲ್ಲಿದಳು. ಹರನಾಳದ ಕಡೆಗೆ ಎರಡು ಮಾರು ಹೋದ ನೀರು ಬೆಳಕಿಂಡಿಯ ಬಳಿ ತಡೆದು ನಿಂತಿತು. ರೋಹಿಣಿ ಮಳೆಗೆ ಇನ್ನೂ ಆರು ವಾರಗಳಿವೆ.